ಹರವೆಯಲ್ಲಿ ಕುಳಿತು ಕರೆಂಟಿನ ಆವರ್ತನ ಅಳೆಯುವುದು

ಚಾಮರಾಜನಗರ ತಾಲ್ಲೂಕಿನ ಹರವೆಯ ಪಂಪ್‌ಸೆಟ್‌ಗೆ ಬರುವ ಕರೆಂಟು ಸೆಕೆಂಡಿಗೆ ಹೆಚ್ಚುಕಡಿಮೆ 50 ಆವರ್ತ ಮುಗಿಸುತ್ತದೆ. ಈ ‘ಹೆಚ್ಚುಕಡಿಮೆ’ ಎಷ್ಟು ಎಂಬುದೇ ಇಲ್ಲಿನ ವಿಷಯ. ದೇಶದ ವಿದ್ಯುತ್ ಜಾಲಕ್ಕೆ ನಿಗದಿಯಾದ ಮಿತಿ 49.90ರಿಂದ 50.05 ಹರ್ಟ್ಜ್, ಅಂದರೆ ಏರಿಳಿತಕ್ಕೆ ಸಿಗುವ ಜಾಗ ಬರೀ 0.15. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕಿಲೋವೋಲ್ಟ್ ಮಾರ್ಗದಿಂದ ದಕ್ಷಿಣದ ಜಾಲ ದೇಶದ ಉಳಿದ ಜಾಲಕ್ಕೆ ಕೂಡಿಕೊಂಡಿತು. ಆಮೇಲೆ ಹರವೆಯಲ್ಲೂ ದೆಹಲಿಯಲ್ಲೂ ಆವರ್ತನ ಹೆಚ್ಚುಕಡಿಮೆ ಒಂದೇ. ವೋಲ್ಟೇಜು ಊರಿನ ಟ್ರಾನ್ಸ್‌ಫಾರ್ಮರ್‌ನ ಹೊರೆಗೆ ತಕ್ಕಂತೆ ಕುಗ್ಗಬಹುದು, ಆವರ್ತನ ಹಾಗಲ್ಲ. ಮನೆಯಲ್ಲಿ ಕಟ್ಟಿದ ಮಾಪಕ ಸರಿಯೋ ತಪ್ಪೋ ಎಂದು ನೋಡಲು ಇದರಿಂದ ಒಂದು ದಾರಿ ಸಿಗುತ್ತದೆ: ಜಾಲದ ನಿರ್ವಾಹಕರು ಪ್ರಕಟಿಸುವ ಅಂಕಿಗೆ ತಾಳೆ ಹಾಕಿದರಾಯಿತು.

ಲಿನಕ್ಸ್ ಓಡುವ ರಾಸ್ಪ್‌ಬೆರಿ ಪೈನಂಥ ಪುಟ್ಟ ಬೋರ್ಡಿನಲ್ಲಿ ಇದನ್ನು ಅಳೆಯಹೊರಟವರಿಗೆ ಮೊದಲು ಹೊಳೆಯುವುದು ಎಣಿಕೆ. ಆವರ್ತಕ್ಕೊಂದರಂತೆ ಬೋರ್ಡಿಗೆ ಪಲ್ಸ್ ಕೊಟ್ಟು, ಒಂದು ಸೆಕೆಂಡಿನಲ್ಲಿ ಬಂದ ಪಲ್ಸ್‌ಗಳನ್ನು ಎಣಿಸುವುದು. ಆದರೆ ಎಣಿಕೆಯಲ್ಲಿ ಅರ್ಧ ಪಲ್ಸ್ ಇಲ್ಲ. 49.90 ಇದ್ದರೂ 50.05 ಇದ್ದರೂ ಪರದೆಯ ಮೇಲೆ 49, 50 ಅಥವಾ 51 ಅಷ್ಟೇ. ಮಿತಿಯ ಅಗಲವೇ 0.15 ಇರುವಾಗ ಒಂದೊಂದು ಹರ್ಟ್ಜ್‌ಗೆ ಜಿಗಿಯುವ ಮಾಪಕ ಯಾವ ಕೆಲಸಕ್ಕೂ ಬಾರದು. ಹೊಲದ ಅಂಚಿನ ತಕರಾರನ್ನು ಮೈಲಿಗಲ್ಲು ನೋಡಿ ಬಗೆಹರಿಸಲು ಹೊರಟಂತೆ. ಹಾಗಾಗಿ ಪಲ್ಸಿಗೂ ಪಲ್ಸಿಗೂ ನಡುವಿನ ಹೊತ್ತನ್ನೇ ಹಿಡಿಯಬೇಕು. 49.90 ಹರ್ಟ್ಜ್‌ನಲ್ಲಿ ಒಂದು ಆವರ್ತಕ್ಕೆ 20.04 ಮಿಲಿಸೆಕೆಂಡ್, 50.05ರಲ್ಲಿ 19.98. ವ್ಯತ್ಯಾಸ 60 ಮೈಕ್ರೋಸೆಕೆಂಡ್.

ಲಿನಕ್ಸ್ ಬೇಡವೇ ಬೇಡ ಎನ್ನುವವರ ಆಕ್ಷೇಪ ಏಳುವುದು ಇಲ್ಲೇ. ಹತ್ತಾರು ಕೆಲಸಗಳ ನಡುವೆ ಹೊತ್ತು ಹಂಚುವ ವ್ಯವಸ್ಥೆ ಅದು. ನಮ್ಮ ಪ್ರೋಗ್ರಾಮಿನ ಸರದಿ 100 ಮೈಕ್ರೋಸೆಕೆಂಡ್ ತಡವಾಗಿ ಬಂದರೆ ಅಚ್ಚರಿಯಿಲ್ಲ, ಒಂದೇ ಆವರ್ತದ ಅಳತೆ ಅಷ್ಟರಲ್ಲೇ 0.25 ಹರ್ಟ್ಜ್ ದಾರಿ ತಪ್ಪುತ್ತದೆ. ಆಕ್ಷೇಪ ನಿಜ, ತೀರ್ಮಾನ ಮಾತ್ರ ಆತುರದ್ದು. ತಡವಾಗುವುದು ಅಳತೆಯ ಎರಡು ತುದಿಗಳಲ್ಲಿ ಮಾತ್ರ. ನಡುವೆ ಎಷ್ಟು ಆವರ್ತ ಕಳೆದರೂ ಅದು ಬೆಳೆಯುವುದಿಲ್ಲ. 50 ಆವರ್ತಗಳ ಒಟ್ಟು ಹೊತ್ತನ್ನು ಹಿಡಿದು ಭಾಗಿಸಿದರೆ ಅದೇ 100 ಮೈಕ್ರೋಸೆಕೆಂಡ್ ತಪ್ಪು 0.005 ಹರ್ಟ್ಜ್‌ಗೆ ಇಳಿಯುತ್ತದೆ. ಜೊತೆಗೆ, ಪಲ್ಸ್ ಬಂದ ಗಳಿಗೆಯನ್ನು ನಮ್ಮ ಪ್ರೋಗ್ರಾಮೇ ನೋಡಿ ಬರೆದುಕೊಳ್ಳಬೇಕಿಲ್ಲ. ಪಲ್ಸ್ ಬಂದ ಸೂಚನೆ (ಇಂಟರಪ್ಟ್) ಸಿಕ್ಕ ಕೂಡಲೇ ಲಿನಕ್ಸ್‌ನ ತಿರುಳಾದ ಕರ್ನೆಲ್ಲೇ ನ್ಯಾನೋಸೆಕೆಂಡ್ ಲೆಕ್ಕದಲ್ಲಿ ಗುರುತು ಹಾಕಿಡುತ್ತದೆ. ಪ್ರೋಗ್ರಾಮು ನಿಧಾನವಾಗಿ ಬಂದು ಓದಿಕೊಂಡರೂ ನಡೆಯುತ್ತದೆ. ಅಗ್ಗದ ಕ್ರಿಸ್ಟಲ್‌ನ ಗಡಿಯಾರವನ್ನು ನಂಬುವುದು ಹೇಗೆ ಎಂದೂ ಕೇಳಬಹುದು. ಹತ್ತು ಲಕ್ಷಕ್ಕೆ 50 ಪಾಲು ತಪ್ಪುವ ಗಡಿಯಾರ ದಿನಕ್ಕೆ ನಾಲ್ಕು ಸೆಕೆಂಡಿಗೂ ಮೀರಿ ತಪ್ಪುತ್ತದೆ, ಸರಿ. 50 ಹರ್ಟ್ಜ್‌ನ ಅಳತೆಯಲ್ಲಿ ಅದು ತರುವ ದೋಷ ಮಾತ್ರ 0.0025. ಹೆದರಬೇಕಾದ್ದು ಇಂಟರ್ನೆಟ್‌ನಿಂದ ತಿದ್ದಿಸಿಕೊಂಡು ಹಠಾತ್ತನೆ ಮುಂದಕ್ಕೋ ಹಿಂದಕ್ಕೋ ಹಾರುವ ದಿನದ ಗಡಿಯಾರಕ್ಕೆ. ಒಂದೇ ಸಮ ಮುಂದೆ ಸಾಗುವ ಒಳ ಗಡಿಯಾರವನ್ನೇ ಬಳಸಬೇಕು. ಸೆಕೆಂಡಿಗೆ ಲಕ್ಷಗಟ್ಟಲೆ ಪಲ್ಸ್ ಬರುವ ಸಂಕೇತವಾದರೆ ಈ ವಾದ ನಿಲ್ಲದು. ಅಲ್ಲಿ ಎಣಿಕೆಗೆಂದೇ ಇರುವ ಟೈಮರ್ ಬೇಕು. ಬೀಗಲ್‌ಬೋನ್ ಬೋರ್ಡಿನಲ್ಲಿ 200 ಮೆಗಾಹರ್ಟ್ಜ್‌ನಲ್ಲಿ ಓಡುವ ಪ್ರತ್ಯೇಕ ಪುಟ್ಟ ಪ್ರೊಸೆಸರುಗಳನ್ನು ಇಟ್ಟಿರುವುದೇ ಇಂಥ ಕೆಲಸಗಳಿಗಾಗಿ.

ಇಷ್ಟಾಗಿಯೂ ಅಳತೆ ಕೆಡುವುದು ಹೆಚ್ಚಾಗಿ ತಂತಿಯ ಕಡೆಯಿಂದ. 230 ವೋಲ್ಟನ್ನು ಬೋರ್ಡಿಗೆ ನೇರ ಕೊಡುವುದು ಸಾವಿಗೆ ಕರೆ. ನಡುವೆ ಸಣ್ಣ ಟ್ರಾನ್ಸ್‌ಫಾರ್ಮರ್ ಅಥವಾ ಆಪ್ಟೋಕಪ್ಲರ್ ಇರಲೇಬೇಕು. ಪಕ್ಕದ ಬೋರ್‌ವೆಲ್ ಮೋಟಾರ್ ಶುರುವಾದಾಗ ಅಲೆ ಅದುರಿ, ಒಂದು ಪಲ್ಸಿನ ಜಾಗದಲ್ಲಿ ಮೂರು ಕಾಣಿಸಬಹುದು. ಹಿಂದಿನ ಪಲ್ಸ್ ಬಂದು 15 ಮಿಲಿಸೆಕೆಂಡ್ ಆಗುವುದರೊಳಗೆ ಬಂದದ್ದನ್ನು ಕೈಬಿಡುವ ಒಂದು ಸಾಲಿನ ನಿಯಮ ಇದಕ್ಕೆ ಸಾಕು. ಸೋಲಾರ್ ಪಂಪಿನ ಡ್ರೈವ್ ವಿಷಯ ಬೇರೆ: ಬಿಸಿಲು ಏರಿಳಿದಂತೆ ಅದು ಮೋಟಾರಿಗೆ ಕೊಡುವ ಆವರ್ತನವೂ ಏರಿಳಿಯುತ್ತದೆ. ಅಲ್ಲಿ ನೇರ ಅಳೆದರೆ ಸಿಗುವುದು ಡ್ರೈವಿನೊಳಗಿನ ಸ್ವಿಚ್ಚುಗಳ ಕಿಲೋಹರ್ಟ್ಜ್ ಗದ್ದಲ. ಮೊದಲು ರೆಸಿಸ್ಟರ್, ಕೆಪಾಸಿಟರ್ ಸೇರಿಸಿದ ಫಿಲ್ಟರ್ ಹಾಕಿ ಗದ್ದಲ ಸೋಸಬೇಕು. ಆ 15 ಮಿಲಿಸೆಕೆಂಡ್ ನಿಯಮವನ್ನೂ ಡ್ರೈವಿನ ಅತಿ ಹೆಚ್ಚಿನ ಆವರ್ತನ ನೋಡಿಯೇ ಮರಳಿ ನಿಗದಿ ಮಾಡಬೇಕು.