ನಿಮಗಿದು ಗೊತ್ತೆ? ರೆಫರಿಯ ತೀರ್ಪು ಮತ್ತು ಕಂಠೀರವದ ಆ ಗೋಲು

2023ರ ಮಾರ್ಚ್ 3ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯವು ಹೆಚ್ಚುವರಿ ಅವಧಿಗೆ ಸಾಗಿದ್ದಾಗ, ಕೇರಳ ಬ್ಲಾಸ್ಟರ್ಸ್ ಆಟಗಾರರು ತಡೆಗೋಡೆಯಾಗಿ ನಿಲ್ಲುವ ಮೊದಲೇ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಫ್ರೀ ಕಿಕ್ ಹೊಡೆದು ಗೋಲು ಗಳಿಸಿದರು. ರೆಫರಿ ಕ್ರಿಸ್ಟಲ್ ಜಾನ್ ಅದನ್ನು ಮಾನ್ಯ ಮಾಡಿದಾಗ ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ತಂಡವನ್ನೇ ಮೈದಾನದಿಂದ ಹೊರಕರೆದರು.

ಎದುರಾಳಿಗಳು ಚೆಂಡಿನಿಂದ 9.15 ಮೀಟರ್ ದೂರ ನಿಲ್ಲಬೇಕೆಂಬುದು ಆಟದ 13ನೆಯ ನಿಯಮವಾದರೂ, ಆ ಅಂತರಕ್ಕಾಗಿ ಕಾಯದೆ ತಕ್ಷಣ ಚೆಂಡನ್ನು ಒದೆಯಲು, ಅಂದರೆ ‘ಕ್ವಿಕ್ ಫ್ರೀ ಕಿಕ್’ ತೆಗೆದುಕೊಳ್ಳಲು, ಅದೇ ನಿಯಮದಲ್ಲಿ ಅವಕಾಶವಿದೆ. ರೆಫರಿಯು ಆಟಗಾರರನ್ನು ತಡೆದು ಸೀಟಿಗಾಗಿ ಕಾಯಲು ಸೂಚಿಸಿದ್ದರೇ ಎಂಬುದೇ ವಿವಾದದ ತಿರುಳಾಗಿತ್ತು. ವಿಡಿಯೊ ನೆರವಿನ ವ್ಯವಸ್ಥೆಯಾದ ವಿಎಆರ್ ಆಗ ಈ ಲೀಗ್‌ನಲ್ಲಿರಲಿಲ್ಲ. ಬೆಂಗಳೂರು 1-0ರಿಂದ ಗೆದ್ದಿತು. ಪಂದ್ಯ ತೊರೆದುದಕ್ಕಾಗಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಶಿಸ್ತು ಸಮಿತಿಯು ಕೇರಳ ತಂಡಕ್ಕೆ 4 ಕೋಟಿ ರೂಪಾಯಿ ದಂಡವನ್ನೂ ಕೋಚ್‌ಗೆ 10 ಪಂದ್ಯಗಳ ನಿಷೇಧವನ್ನೂ ವಿಧಿಸಿತು. ರೆಫರಿಯ ತೀರ್ಪಿನ ಬಗ್ಗೆ ತಂಡಕ್ಕೆ ಅಸಮಾಧಾನವಿದ್ದರೂ ಆಟವನ್ನೇ ನಿಲ್ಲಿಸಿದ್ದು ಪ್ರೇಕ್ಷಕರಿಗೆ ಮಾಡಿದ ಅನ್ಯಾಯವೆಂದೇ ಹೇಳಬೇಕು.

ಆಟಗಾರನನ್ನು ಹೊರಹಾಕುವ ಕೆಂಪು ಕಾರ್ಡ್ ಕೂಡ ಇಂಥದೇ ಗೊಂದಲದ ಫಲ: 1966ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾದ ರಟ್ಟಿನ್ ರೆಫರಿಯ ಆದೇಶವನ್ನು ಒಪ್ಪದೆ ಮೈದಾನದಲ್ಲೇ ಉಳಿದ ಬಳಿಕ, ಇಂಗ್ಲೆಂಡಿನ ಕೆನ್ ಆಸ್ಟನ್ ಸಂಚಾರ ದೀಪದ ಬಣ್ಣಗಳಿಂದ ಪ್ರೇರಿತರಾಗಿ ರೂಪಿಸಿದ ಕಾರ್ಡ್‌ಗಳು 1970ರ ವಿಶ್ವಕಪ್‌ನಲ್ಲಿ ಬಳಕೆಗೆ ಬಂದವು. ಫುಟ್‌ಬಾಲ್ ಆಡುವ ಮಕ್ಕಳೂ ಅರಿತಿರಬೇಕಾದ 5ನೆಯ ನಿಯಮದಂತೆ, ಆಟಕ್ಕೆ ಸಂಬಂಧಿಸಿದ ಸಂಗತಿಗಳಲ್ಲಿ ರೆಫರಿಯ ತೀರ್ಮಾನವೇ ಅಂತಿಮ.