ಮಧ್ಯಾಹ್ನ ಎರಡೂವರೆಯ ಸಿಟ್ಟು

ಹೋಟೆಲಿನವರ ಸಿಟ್ಟು ಗಿರಾಕಿಗಳಿಗೆ ಕಾಣುವುದಿಲ್ಲ. ಅದನ್ನು ಉಣ್ಣುವವರು ಮಾಣಿಗಳು, ಭಟ್ಟರು, ಗಲ್ಲಾದ ಪಕ್ಕದಲ್ಲಿ ನಿಂತ ಪಾರ್ಸೆಲ್ ಹುಡುಗ. ರಾತ್ರಿ ಶಟರ್ ಎಳೆಯುವಾಗ ನಮಗೇ ಬೇಸರವಾಗುತ್ತದೆ, ಮರುದಿನ ಅದೇ ಕಥೆ. ನಾವು ಇದನ್ನು ಬಹಳ ವರ್ಷ ಸ್ವಭಾವವೆಂದೇ ತಿಳಿದಿದ್ದೆವು. ಮನೆಯವರು ಇನ್ನೂ ಹಾಗೆಯೇ ತಿಳಿದಿದ್ದಾರೆ, ಅದು ಬೇರೆ ಮಾತು.

ಕೆಲವು ವರ್ಷಗಳ ಹಿಂದೆ, ಊಟದ ರಶ್ ಮುಗಿಯುತ್ತಿದ್ದ ಹೊತ್ತು. ಬೆಳಿಗ್ಗೆ ಎಂಟಕ್ಕೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಎರಡು ಇಡ್ಲಿ ತಿಂದು ಗಲ್ಲಾದಲ್ಲಿ ಕುಳಿತವರು ನಾವು ಎದ್ದಿರಲಿಲ್ಲ. ಹದಿನಾಲ್ಕು ವರ್ಷದಿಂದ ನಮ್ಮಲ್ಲಿದ್ದ ಕುಂದಾಪುರ ಕಡೆಯ ಮಾಣಿಯ ಕೈಯಿಂದ ಸಾಂಬಾರಿನ ಬಕೆಟ್ ಜಾರಿತು. ಯಾರಿಗೂ ಸುಡಲಿಲ್ಲ. ಆದರೆ ನಾವು ಗಿರಾಕಿಗಳ ಎದುರೇ "ಲೆಕ್ಕ ಮಾಡಿಕೊಂಡು ಈಗಲೇ ಹೊರಡು" ಎಂದೆವು. "ಆಯ್ತು ಧಣಿ" ಎಂದವನೇ ಸಂಜೆಯ ಬಸ್ಸಿಗೆ ಊರಿಗೆ ಹೋದ.

ವಾರದ ನಂತರ ಅದೇ ಹೊತ್ತಿಗೆ ಕೈ ನಡುಗಿ ಬೆವರು ಬಂದಾಗ ಮಗ ಬೆರಳು ಚುಚ್ಚಿ ನೋಡಿದ. ಸಕ್ಕರೆ 58 ಇತ್ತು. 70ಕ್ಕಿಂತ ಕೆಳಗೆ ಇಳಿದರೆ ಅದು ಕಡಿಮೆ ಎಂದೇ ಲೆಕ್ಕ. ನಮ್ಮ ಮಾತ್ರೆ ಶರೀರದಿಂದ ಹೆಚ್ಚು ಇನ್ಸುಲಿನ್ ಹೊರಡಿಸುವ ಜಾತಿಯದು. ಅದನ್ನು ತೆಗೆದುಕೊಂಡು ಊಟ ತಪ್ಪಿಸಬಾರದೆಂದು ಡಾಕ್ಟರು ಮೊದಲೇ ಹೇಳಿದ್ದರು. ಕೇಳಿದವರು ಯಾರು!

ಆಗ ಡಾಕ್ಟರು ವಿವರಿಸಿದ್ದು ಹೀಗೆ. ಹಾರ್ಮೋನ್ ಎಂದರೆ ರಕ್ತದಲ್ಲಿ ಓಡಾಡುವ ಆರ್ಡರ್ ಚೀಟಿ. ಒಂದು ಗ್ರಂಥಿ ಬರೆದು ಕಳಿಸುತ್ತದೆ, ದೂರದ ಅಂಗ ಅದನ್ನು ನೋಡಿ ಕೆಲಸ ಮಾಡುತ್ತದೆ. 1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಅಂಥದೊಂದು ಚೀಟಿಯನ್ನು ಸಣ್ಣ ಕರುಳಿನಲ್ಲಿ ಕಂಡುಹಿಡಿದರು. 1905ರಲ್ಲಿ ಸ್ಟಾರ್ಲಿಂಗ್ ಹಾರ್ಮೋನ್ ಎಂಬ ಹೆಸರನ್ನು ಬಳಕೆಗೆ ತಂದರು. ಊಟ ಜೀರ್ಣವಾಗುವ ಜಾಗದಲ್ಲೇ ಈ ವಿದ್ಯೆ ಶುರುವಾಯಿತೆಂಬುದು ನಮಗೆ ಸಂತೋಷದ ವಿಷಯ.

ರಕ್ತದ ಸಕ್ಕರೆ ಇಳಿದಾಗ ಶರೀರ ಅದನ್ನು ಮೇಲೆತ್ತಲು ಗ್ಲುಕಗಾನ್ ಮತ್ತು ಅಡ್ರಿನಲಿನ್ ಬಿಡುತ್ತದೆ. ಅಡ್ರಿನಲಿನ್ ಬರುವುದು ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತ ಗ್ರಂಥಿಯಿಂದ. ಎದೆ ಬಡಿತ, ಬೆವರು, ಕೈ ನಡುಕ ಎಲ್ಲ ಅದರ ಕೆಲಸ. ಹುಲಿ ಎದುರಾದರೂ, ಯಾರಾದರೂ ಬೈದರೂ ಬರುವುದು ಇದೇ. ಆದ್ದರಿಂದ ಹಸಿದ ಶರೀರ ಆಗಲೇ ಜಗಳಕ್ಕೆ ತಯಾರಾಗಿ ನಿಂತಿರುತ್ತದೆ. ಬಕೆಟ್ ಜಾರುವುದು ನೆಪ ಮಾತ್ರ. ಹಾಗೆಂದು ತಪ್ಪನ್ನೆಲ್ಲ ಹಾರ್ಮೋನಿನ ತಲೆಗೆ ಕಟ್ಟುವಂತಿಲ್ಲ. ಸ್ಪೇನಿನ ಡಾಕ್ಟರ್ ಮರಾನ್ಯೋನ್ 1924ರಲ್ಲಿ ಅಡ್ರಿನಲಿನ್ ಚುಚ್ಚಿದವರನ್ನು ಕೇಳಿದಾಗ ಕೆಲವರು, ಎದೆ ಬಡಿಯುತ್ತದೆ, ಹೆದರಿದ ಹಾಗೆ ಇದೆ, ಆದರೆ ಹೆದರಿಕೆಯಿಲ್ಲ ಎಂಬರ್ಥದಲ್ಲಿ ಹೇಳಿದರು. ಒಲೆ ಹಚ್ಚುವುದು ಹಾರ್ಮೋನ್, ಅದರ ಮೇಲೆ ಏನು ಇಡುತ್ತೇವೆಂಬುದು ನಮ್ಮದು.

ಇನ್ನೊಂದು ಹಾರ್ಮೋನ್ ಕಾರ್ಟಿಸಾಲ್. ಅಡ್ರಿನಲಿನ್ ಕೆಲವು ನಿಮಿಷಗಳಲ್ಲಿ ಇಳಿದರೂ ಇದು ನಿಧಾನಿ. ಜಗಳವಾದ ಇಪ್ಪತ್ತು ಮೂವತ್ತು ನಿಮಿಷಕ್ಕೆ ಏರಿ ನಿಲ್ಲುತ್ತದೆ, ಇಳಿಯಲು ಇನ್ನೂ ಹೊತ್ತು ಬೇಕು. ಒಬ್ಬ ಗಿರಾಕಿಯ ಜೊತೆಗಿನ ಚರ್ಚೆ ಮುಗಿದ ಮೇಲೂ ಮುಂದಿನವನಿಗೆ ನಾವು ಸಿಡುಕುವುದೇಕೆಂದು ಈಗ ಅರ್ಥವಾಗುತ್ತದೆ.

ಹುಡುಗರ ಪಾಡು ನಮಗಿಂತ ಕಷ್ಟ. 1999ರಲ್ಲಿ ಜಪಾನಿನವರು ಕಂಡುಹಿಡಿದ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನ್ ಹೊಟ್ಟೆಯಿಂದ ಬರುತ್ತದೆ, ರೂಢಿಯ ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಏರುತ್ತದೆ. ನಮ್ಮ ಹುಡುಗರಿಗೆ ಅದು ಏರುವ ಹೊತ್ತಿನಲ್ಲೇ ಅವರು ಇನ್ನೊಬ್ಬರ ತಟ್ಟೆಗೆ ಅನ್ನ ಬಡಿಸುತ್ತಿರುತ್ತಾರೆ. ರಾತ್ರಿ ಹನ್ನೆರಡೂವರೆಗೆ ಮಲಗಿ ನಾಲ್ಕೂವರೆಗೆ ಹಿಟ್ಟು ನೋಡಲು ಏಳುವವರ ಗತಿ? 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹನ್ನೆರಡು ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿದಾಗ ಗ್ರೆಲಿನ್ ಶೇ. 28 ಏರಿತ್ತು, ಹೊಟ್ಟೆ ತುಂಬಿತೆಂದು ಹೇಳುವ ಲೆಪ್ಟಿನ್ ಶೇ. 18 ಇಳಿದಿತ್ತು. ನಮ್ಮ ಹುಡುಗರಿಗೆ ಅದು ಎರಡು ರಾತ್ರಿಯ ಮಾತಲ್ಲ, ವರ್ಷವಿಡೀ.

ಮತ್ತೊಂದು ಮಾತು. ನಮಗೆ ಗೊತ್ತಿದ್ದ ಅಡಿಗೆಯವರೊಬ್ಬರು ಸದಾ ಮಂಕಾಗಿ, ನಿಧಾನವಾಗಿ ಇರುತ್ತಿದ್ದರು. ಸೋಮಾರಿ ಎಂದು ಎಲ್ಲರೂ ಆಡಿಕೊಂಡರು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಕಡಿಮೆಯೆಂದು ತಿಳಿಯಿತು. ದಿನಕ್ಕೊಂದು ಮಾತ್ರೆಯಿಂದ ಕೆಲವು ತಿಂಗಳಲ್ಲಿ ಮೊದಲಿನಂತಾದರು. ಥೈರಾಯ್ಡ್ ಹೆಚ್ಚಾದರೆ ಸಿಡುಕು, ಚಡಪಡಿಕೆ. ಬೈಯುವ ಮೊದಲು ಒಂದು ಪರೀಕ್ಷೆ ಮಾಡಿಸಿದರೆ ನಷ್ಟವೇನಿಲ್ಲ.

ಈಗ ನಮ್ಮಲ್ಲಿ ಎಲ್ಲರ ಊಟ ಹನ್ನೊಂದೂವರೆಗೆ, ರಶ್‌ಗೆ ಮುಂಚೆ. ಮೊದಲ ಹದಿನೈದು ದಿನ ಭಟ್ಟರು ಗೊಣಗಿದರು, ಹುಡುಗರಿಗೆ ಹಸಿವಾಗುತ್ತಿರಲಿಲ್ಲ. ಆಮೇಲೆ ಹೊಟ್ಟೆಯೇ ಹೊತ್ತು ಕಲಿತುಕೊಂಡಿತು. ರಾತ್ರಿ ಮುಚ್ಚುವವರು ಬೆಳಿಗ್ಗೆ ತೆರೆಯುವುದಿಲ್ಲ. ಇದಕ್ಕೆ ಒಬ್ಬ ಹೆಚ್ಚಿನ ಆಳಿನ ಸಂಬಳ ಬಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಗಲ್ಲಾದ ಡ್ರಾಯರಿನಲ್ಲಿ ಸಕ್ಕರೆ ಪೊಟ್ಟಣವಿದೆ. ಕೈ ನಡುಗಿದರೆ ಮೂರು ಚಮಚ ನೀರಿಗೆ ಹಾಕಿ ಕುಡಿದು, ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸುತ್ತೇವೆ. ಯಾರನ್ನಾದರೂ ಕೆಲಸದಿಂದ ತೆಗೆಯುವ ಮಾತು ಬಂದರೆ ಮರುದಿನ ಬೆಳಿಗ್ಗೆ, ತಿಂಡಿಯಾದ ಮೇಲೆ.

ಆ ಮಾಣಿಗೆ ನಾವೇ ಫೋನ್ ಮಾಡಿದೆವು. ಆಗಲೇ ಪುಣೆಯಲ್ಲಿ ಬೇರೆ ಹೋಟೆಲು ಸೇರಿದ್ದ. "ಇಲ್ಲಿ ಚೆನ್ನಾಗಿದ್ದೇನೆ ಧಣಿ, ನೀವು ಊಟ ಮಾಡಿದಿರಾ?" ಎಂದು ಕೇಳಿದ.