ತಂದೆಯ ಋಣ, ಮಕ್ಕಳ ಹಣೆಬರಹ

ಪಿತೃಋಣವೆಂಬ ಮಾತನ್ನು ಕೇಳದವರಿಲ್ಲ. ಹುಟ್ಟಿದವನು ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಸಾಲಗಾರನೆಂದೂ ಆ ಸಾಲವನ್ನು ತೀರಿಸುವುದು ಅವನ ಕರ್ತವ್ಯವೆಂದೂ ನಮ್ಮ ಹಿರಿಯರು ಹೇಳಿದ್ದಾರೆ. ಆದರೆ ತಂದೆಯೇ ಮಕ್ಕಳ ತಲೆಯ ಮೇಲೆ ಹೊರಿಸಿ ಹೋಗುವ ಋಣವೂ ಒಂದುಂಟು. ಅದರ ಮಾತನ್ನು ನಾವು ಅಷ್ಟಾಗಿ ಆಡುವುದಿಲ್ಲ.

ಈಚೆಗೆ ಒಂದು ದಿನ ಹತ್ತನೆಯ ತರಗತಿಯಲ್ಲಿ ಶಂತನು ಮಹಾರಾಜನ ಕಥೆಯನ್ನು ಹೇಳುತ್ತಿದ್ದೆ. ತಂದೆಯ ಮದುವೆಗಾಗಿ ದೇವವ್ರತನು ರಾಜ್ಯವನ್ನೂ ಸಂಸಾರಸುಖವನ್ನೂ ತೊರೆದು ಭೀಷ್ಮನಾದ ಪ್ರಸಂಗ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಅಪ್ಪ ಮಾಡಿದ್ದಕ್ಕೆ ಮಗ ಯಾಕೆ ಅನುಭವಿಸಬೇಕು? ‘ಬ್ಲ್ಯಾಕ್ ಪ್ಯಾಂಥರ್’ ಸಿನಿಮಾದಲ್ಲೂ ಹೀಗೇ ಆಗುತ್ತೆ” ಎಂದ. ತರಗತಿಯೆಲ್ಲ ನಕ್ಕಿತು. ನನಗೆ ಆ ಚಿತ್ರದ ಪರಿಚಯವಿರಲಿಲ್ಲ. ಮನೆಗೆ ಬಂದು ಮಗಳನ್ನು ಕೇಳಿದೆ. ಅವಳು ನನ್ನನ್ನು ಕೂರಿಸಿಕೊಂಡು ಒಂದರ ಹಿಂದೊಂದು ಚಿತ್ರಗಳನ್ನು ತೋರಿಸಿದಳು. ಅಮೆರಿಕದ ಈ ಅತಿಮಾನುಷ ವೀರರ ಕಥೆಗಳೆಂದರೆ ಬರಿಯ ಹೊಡೆದಾಟವೆಂದು ತಿಳಿದಿದ್ದ ನಾನು ನನ್ನ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು.

ಈ ವೀರರಲ್ಲಿ ಮೊದಲಿಗನೆನ್ನಬಹುದಾದ ಸೂಪರ್‌ಮ್ಯಾನ್ 1938ರಲ್ಲಿ ಚಿತ್ರಕಥೆಯ ಪುಸ್ತಕವೊಂದರಲ್ಲಿ ಕಾಣಿಸಿಕೊಂಡ. ಅವನನ್ನು ಸೃಷ್ಟಿಸಿದವರು ಜೆರ್ರಿ ಸೀಗಲ್ ಮತ್ತು ಜೋ ಶೂಸ್ಟರ್ ಎಂಬ ಇಬ್ಬರು ತರುಣರು. ಕಥೆ ಬೆಳೆಯುತ್ತ ಹೋದಂತೆ ಈ ವೀರನಿಗೆ ಇಬ್ಬರು ತಂದೆಯರಾದರು. ಹೆತ್ತ ತಂದೆ ಜಾರ್-ಎಲ್ ವಿಜ್ಞಾನಿ. ತಮ್ಮ ಗ್ರಹವಾದ ಕ್ರಿಪ್ಟಾನ್ ನಾಶವಾಗುವುದೆಂದು ತಿಳಿದು, ಹಸುಗೂಸನ್ನು ಸಣ್ಣ ನೌಕೆಯೊಂದರಲ್ಲಿಟ್ಟು ಭೂಮಿಯ ಕಡೆಗೆ ಕಳುಹಿಸುತ್ತಾನೆ. ಸಾಕಿದ ತಂದೆ ಜೊನಾಥನ್ ಕೆಂಟ್ ಸಾಧಾರಣ ರೈತ. ಒಬ್ಬನಿಂದ ಮಗನಿಗೆ ಪ್ರಾಣವೂ ಶಕ್ತಿಯೂ ಬಂದುವು. ಆ ಶಕ್ತಿಯನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬ ವಿವೇಕ ಇನ್ನೊಬ್ಬನಿಂದ ಬಂದಿತು. ಆ ವಿವೇಕವಿಲ್ಲದೆ ಹೋಗಿದ್ದರೆ ಅಷ್ಟು ಬಲವುಳ್ಳವನು ಲೋಕಕ್ಕೆ ಕಂಟಕನಾಗುತ್ತಿದ್ದನು. ಕಥೆಗಾರ ಸೀಗಲ್ಲನ ತಂದೆ 1932ರಲ್ಲಿ, ತನ್ನ ಬಟ್ಟೆಯಂಗಡಿಯಲ್ಲಿ ನಡೆದ ಕಳವಿನ ಸಂದರ್ಭದಲ್ಲಿ ಕುಸಿದು ತೀರಿಕೊಂಡನು. ಗುಂಡು ತಾಗದ ಮೈಯ ವೀರನನ್ನು ಮಗ ಕಲ್ಪಿಸಿದ್ದು ಅದಾದ ಕೆಲವೇ ವರ್ಷಗಳಲ್ಲಿ. ಒಂದಕ್ಕೆ ಇನ್ನೊಂದು ಕಾರಣವೆಂದು ಖಂಡಿತವಾಗಿ ಹೇಳಲಾಗದು. ಆದರೂ ಓದುವಾಗ ಅದು ನೆನಪಿಗೆ ಬಾರದಿರದು.

1939ರಲ್ಲಿ ಬಂದ ಬ್ಯಾಟ್‌ಮ್ಯಾನನ ಹಾದಿ ಬೇರೆ. ಬಾಲಕ ಬ್ರೂಸ್ ವೇಯ್ನ್ ತನ್ನ ಕಣ್ಣೆದುರಿಗೇ ಕಳ್ಳನೊಬ್ಬ ತಂದೆತಾಯಿಗಳನ್ನು ಗುಂಡಿಕ್ಕಿ ಕೊಂದುದನ್ನು ನೋಡುತ್ತಾನೆ. ಅಪರಾಧಿಗಳ ವಿರುದ್ಧ ಹೋರಾಡುವುದೇ ತನ್ನ ಬಾಳೆಂದು ಪ್ರತಿಜ್ಞೆ ಮಾಡುತ್ತಾನೆ. ತಂದೆ ಬಿಟ್ಟುಹೋದ ಐಶ್ವರ್ಯವೆಲ್ಲ ಆ ಪ್ರತಿಜ್ಞೆಗೆ ಮುಡಿಪು. ಇಲ್ಲಿ ತಂದೆ ಏನನ್ನೂ ಕೇಳಿದವನಲ್ಲ. ಅವನ ಸಾವೇ ಮಗನ ಬಾಳನ್ನು ಕಟ್ಟಿಹಾಕಿತು. ಭೀಷ್ಮನ ಪ್ರತಿಜ್ಞೆಗೆ ಇದು ದೂರದ ನೆಂಟನೆನ್ನಬಹುದು.

ಇನ್ನು ಮೂರನೆಯ ಬಗೆ. ತಂದೆ ತಪ್ಪು ಮಾಡಿದ್ದಾನೆ, ಮಗನಿಗೆ ಅದು ಗೊತ್ತಿಲ್ಲ. 2018ರ ‘ಬ್ಲ್ಯಾಕ್ ಪ್ಯಾಂಥರ್’ ಚಿತ್ರದ ತಿರುಳು ಇದೇ. ಆಫ್ರಿಕದಲ್ಲಿ ವಕಾಂಡ ಎಂಬ ಕಲ್ಪನೆಯ ರಾಜ್ಯ. ಅದರ ಅರಸ ಟಿ’ಚಾಕ 1992ರಲ್ಲಿ ಅಮೆರಿಕದ ಓಕ್‌ಲೆಂಡ್ ಪಟ್ಟಣಕ್ಕೆ ಗುಟ್ಟಾಗಿ ಬಂದು, ರಾಜ್ಯಕ್ಕೆ ದ್ರೋಹ ಬಗೆದ ಸ್ವಂತ ತಮ್ಮನನ್ನು ವಿಚಾರಿಸುತ್ತಾನೆ. ತಮ್ಮ ಪಿಸ್ತೂಲು ಎತ್ತಿದಾಗ, ಇನ್ನೊಬ್ಬನ ಪ್ರಾಣ ಉಳಿಸಲು ಅಣ್ಣ ಅವನನ್ನು ಕೊಲ್ಲುತ್ತಾನೆ. ಇಷ್ಟಾದರೆ ಅದನ್ನು ವಿಧಿಯೆನ್ನಬಹುದಾಗಿತ್ತು. ಆದರೆ ಸತ್ತ ತಮ್ಮನಿಗೆ ಎರಿಕ್ ಎಂಬ ಪುಟ್ಟ ಮಗನಿದ್ದಾನೆ. ಗುಟ್ಟು ಹೊರಬೀಳಬಾರದೆಂದು ಅರಸನು ಆ ಹುಡುಗನನ್ನು ಅಲ್ಲಿಯೇ ಬಿಟ್ಟು ಹೊರಟುಹೋಗುತ್ತಾನೆ. ತಂದೆಯ ಹೆಣವನ್ನು ಕಂಡ ಹುಡುಗ ಬೆಳೆದು ಯೋಧನಾಗಿ, ಒಂದು ದಿನ ಸಿಂಹಾಸನವನ್ನು ಕೇಳಲು ಬರುತ್ತಾನೆ. ಆಗ ಪಟ್ಟದಲ್ಲಿರುವವನು ಅರಸನ ಮಗ ಟಿ’ಚಾಲ. ಒಬ್ಬ ತಂದೆಯ ಮೌನವು ಇಬ್ಬರು ಅಣ್ಣತಮ್ಮಂದಿರ ಮಕ್ಕಳನ್ನು ಎದುರುಬದುರು ನಿಲ್ಲಿಸಿತು.

ಚಿತ್ರದಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಯುದ್ಧವಲ್ಲ. ಪಿತೃಲೋಕದಲ್ಲಿ ಟಿ’ಚಾಲ ತನ್ನ ತಂದೆಯನ್ನು ಕಂಡು, ಆ ಮಗುವನ್ನು ಬಿಟ್ಟುಬಂದದ್ದು ತಪ್ಪೆಂದು ಮುಖದ ಮೇಲೆ ಹೇಳುವ ಸನ್ನಿವೇಶ. ತಂದೆಯ ಮೇಲೆ ಅವನಿಗೆ ಪ್ರೀತಿ ಕಡಿಮೆಯಾಗಿಲ್ಲ; ಆದರೂ ಹೇಳುತ್ತಾನೆ. ಕಡೆಗೆ ಎರಿಕ್ ಸಾಯುತ್ತಾನೆ. ಟಿ’ಚಾಲ ಅದೇ ಓಕ್‌ಲೆಂಡಿಗೆ ಬಂದು, ಚಿಕ್ಕಪ್ಪ ಸತ್ತ ಕಟ್ಟಡವನ್ನೇ ಕೊಂಡು, ಅಲ್ಲಿಯ ಜನರಿಗಾಗಿ ನೆರವಿನ ಕೇಂದ್ರವನ್ನು ತೆರೆಯಲು ನಿಶ್ಚಯಿಸುತ್ತಾನೆ. ಸತ್ತವರು ಮರಳಿ ಬಾರರು. ಆದರೆ ಬಚ್ಚಿಟ್ಟ ಲೆಕ್ಕ ಬಯಲಿಗೆ ಬಂದಿತು. 2008ರ ‘ಐರನ್ ಮ್ಯಾನ್’ ಚಿತ್ರದಲ್ಲಿಯೂ ಇಂಥದೇ ನಡತೆ ಕಾಣುತ್ತದೆ. ತಂದೆಯಿಂದ ಬಂದ ಶಸ್ತ್ರಾಸ್ತ್ರಗಳ ಕಾರಖಾನೆಯ ಒಡೆಯ ಟೋನಿ ಸ್ಟಾರ್ಕ್, ತನ್ನ ಆಯುಧಗಳೇ ತನ್ನ ನಾಡಿನವರನ್ನು ಕೊಲ್ಲುವುದನ್ನು ಕಂಡು, ಆಯುಧ ತಯಾರಿಕೆಯನ್ನು ನಿಲ್ಲಿಸುವುದಾಗಿ ಸಾರುತ್ತಾನೆ.

ಈ ಕಥೆಗಳನ್ನೆಲ್ಲ ಒಟ್ಟಿಗೆ ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ತಂದೆ ಕೊಟ್ಟದ್ದು ಮಕ್ಕಳಿಗೆ ಬಲವಾಗುತ್ತದೆ. ತಂದೆಯ ನಷ್ಟವೂ ಕೆಲವೊಮ್ಮೆ ಬಲವಾಗುತ್ತದೆ. ತಂದೆಯ ತಪ್ಪನ್ನು ಕೂಡ, ಗೊತ್ತಿದ್ದರೆ, ಮಕ್ಕಳು ತಿದ್ದಬಲ್ಲರು. ಮುಚ್ಚಿಟ್ಟದ್ದನ್ನು ಮಾತ್ರ ಯಾರೂ ತಿದ್ದಲಾರರು. ಅದು ಬಡ್ಡಿ ಸಹಿತ ಬೆಳೆಯುತ್ತದೆ.

ಬಡ್ಡಿಯ ಮಾತನ್ನು ಅಲಂಕಾರಕ್ಕಾಗಿ ಆಡಲಿಲ್ಲ. ನನಗೆ ಹತ್ತೊಂಬತ್ತು ವರ್ಷವಾಗಿದ್ದಾಗ ನಮ್ಮ ತಂದೆ ತೀರಿಕೊಂಡರು. ವೈಕುಂಠ ಸಮಾರಾಧನೆಯ ಮಾರನೆಯ ದಿನ ಒಬ್ಬರು ಕಾಗದ ಹಿಡಿದು ಬಾಗಿಲಿಗೆ ಬಂದರು. ಸ್ನೇಹಿತರೊಬ್ಬರ ಸಾಲಕ್ಕೆ ನಮ್ಮ ತಂದೆ ಜಾಮೀನು ನಿಂತಿದ್ದರು. ಅಮ್ಮನಿಗೂ ಅದು ತಿಳಿದಿರಲಿಲ್ಲ. ಊರ ಹೊರಗಿನ ಗದ್ದೆ ಹೋಯಿತು. ನನ್ನ ಓದು ಎರಡು ವರ್ಷ ನಿಂತಿತು. ತಂದೆಯವರು ಮಾಡಿದ್ದು ಉಪಕಾರವೇ. ಗದ್ದೆಯನ್ನು ಕುರಿತು ನನಗೆ ಈಗ ದುಃಖವಿಲ್ಲ. ಒಂದು ಸಂಜೆ ಜಗಲಿಯಲ್ಲಿ ಕೂರಿಸಿಕೊಂಡು “ಹೀಗಿದೆಯಪ್ಪ” ಎಂದಿದ್ದರೆ ಸಾಕಾಗಿತ್ತು ಎಂದು ಮಾತ್ರ ಇಂದಿಗೂ ಅನಿಸುತ್ತದೆ.

ಮರುದಿನ ತರಗತಿಯಲ್ಲಿ ಆ ಹುಡುಗನಿಗೆ ಉತ್ತರ ಹೇಳಿದೆ. “ಅನುಭವಿಸಬೇಕು ಎಂದು ಯಾವ ನ್ಯಾಯವೂ ಇಲ್ಲಪ್ಪ. ಆದರೆ ಅನುಭವಿಸಬೇಕಾಗಿ ಬರುತ್ತದೆ. ಆಗ ಏನು ಮಾಡುತ್ತೀಯೆ ಎನ್ನುವುದು ನಿನ್ನ ಕೈಯಲ್ಲಿದೆ.” ಅವನು ಸ್ವಲ್ಪ ಯೋಚಿಸಿ, “ಹಾಗಾದರೆ ಅಪ್ಪಂದಿರಿಗೂ ಪಾಠ ಮಾಡಬೇಕಲ್ಲ ಸಾರ್” ಎಂದ. ಈ ಸಲ ತರಗತಿಯ ಜೊತೆಗೆ ನಾನೂ ನಕ್ಕೆ.

ಆ ರಾತ್ರಿ ಊಟವಾದ ಮೇಲೆ ಬೀರುವಿನಿಂದ ಮನೆಯ ಸಾಲದ ಕಾಗದಗಳನ್ನು ತೆಗೆದು, ಎಷ್ಟು ತೀರಿದೆ, ಎಷ್ಟು ಉಳಿದಿದೆ ಎಂದು ಮಗಳಿಗೆ ಒಂದೊಂದಾಗಿ ಓದಿ ಹೇಳಿದೆ.